ಹಾಲುಕೋಣೆಯಲ್ಲಿ ಒಂದು ಜಾಡಿ

ನಾನು ಐದು ತಿಂಗಳ ಬಸುರಿಯಾಗಿದ್ದಾಗ ನಮ್ಮ ಮಾವ ಒಂದು ಜಾಡಿ ಹೆಂಡವನ್ನು ತನ್ನ ಕೈಯಾರೆ ಹೊತ್ತು ಹಾಲುಕೋಣೆಯಲ್ಲಿಟ್ಟ. ಅದು ಹೆಂಡ ಅಂತ ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ದಿನ ಸುಮ್ಮನಿದ್ದೆ. ಮಾವ ಹೋಗಿ ಬಹಳ ವರ್ಷವಾಯಿತು, ಈಗ ಬರೆದರೆ ಯಾರಿಗೂ ನೋವಿಲ್ಲ.

ಮಾವನನ್ನು ಅವನು ಅಂತ ಬರೆದದ್ದಕ್ಕೆ ಮೈಸೂರಿನ ಕಡೆಯವರು ಮುಖ ಸಿಂಡರಿಸಬಹುದು. ಊಟಿ ಬೆಟ್ಟದ ನಮ್ಮ ಬಡಗ ಮಾತಿನಲ್ಲಿ ಅಪ್ಪನೂ ಅವನೇ, ದೇವರೂ ಅವನೇ. ಕೆತ್ತಿ ಊರಿನ ಪಾದ್ರಿ ಶಾಲೆಯಲ್ಲಿ ಎರಡು ವರ್ಷ ಕೂತು ಅಕ್ಷರ ಕಲಿತೆ. ಮೂರನೇ ವರ್ಷ ಹೊಲದ ಕಳೆ ಕೀಳಲು ಕಳಿಸಿದರು. ಆ ಎರಡು ವರ್ಷದ ಕನ್ನಡದಲ್ಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯ ಒಳಗೋಣೆಯಲ್ಲಿ, ಒಲೆಯ ಪಕ್ಕದ ಗೋಡೆಗೆ ಒಂದು ಗಿಡ್ಡ ಬಾಗಿಲು. ಅದರಾಚೆ ಹಾಲುಕೋಣೆ. ಹಾಲು, ಮೊಸರು, ಬೆಣ್ಣೆ, ಕಡೆಗೋಲು ಎಲ್ಲ ಅಲ್ಲೇ. ಹೆಂಗಸರು ಅದರೊಳಗೆ ಕಾಲಿಡುವಂತಿಲ್ಲ. ಹೊಸಿಲಿನ ಈಚೆ ನಿಂತು ಚೆಂಬು ಚಾಚಿದರೆ ಗಂಡಸರು ಮಜ್ಜಿಗೆ ಹೊಯ್ಯುತ್ತಾರೆ, ಅಷ್ಟೇ. ಆ ದಿನಗಳಲ್ಲಿ ಮನೆಯಲ್ಲಿದ್ದ ಗಂಡಸು ಮಾವ ಒಬ್ಬನೇ. ನನ್ನ ಗಂಡ ಕುನ್ನೂರಿನ ಕಡೆ, ಊಟಿಗೆ ರೈಲು ಹಾದಿ ಕಡಿಯುವಲ್ಲಿ ಕಲ್ಲು ಹೊರುತ್ತಿದ್ದ. ಹದಿನೈದು ದಿನಕ್ಕೊಮ್ಮೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಮದುವೆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಹುಡುಗಿಯನ್ನು ಮನೆಗೆ ಕರೆತಂದು, ಅವಳು ಬಸುರಿಯಾಗಿ, ಏಳನೇ ತಿಂಗಳಿಗೆ ಅವಳಪ್ಪನ ಎದುರು ಗಂಡ ಅವಳ ಕೊರಳಿಗೆ ಕಣ್ಣಿ ಹಾಕಬೇಕು. ಕಣ್ಣಿ ಅಂದರೆ ನೂಲಿನ ದಾರ. ಅದು ಬಿದ್ದ ಮೇಲೆ ಮದುವೆ ಗಟ್ಟಿ. ಬೀಳುವ ತನಕ, ಹುಡುಗಿ ಸರಿಯಿಲ್ಲ ಅನಿಸಿದರೆ, ‘ನಿನ್ನ ಮಗಳನ್ನು ಕರೆದುಕೊಂಡು ಹೋಗು’ ಅಂತ ಅವಳಪ್ಪನಿಗೆ ಹೇಳಿ ಕಳಿಸಬಹುದು. ನಾನು ಬಂದ ವರ್ಷವೇ ನಮ್ಮ ಹಟ್ಟಿಯಿಂದ ಒಬ್ಬಳನ್ನು ಹಾಗೆ ಕಳಿಸಿದ್ದರು. ಅವಳು ಹೊಟ್ಟೆ ಹೊತ್ತುಕೊಂಡು ಗುಡ್ಡ ಹತ್ತಿದ್ದನ್ನು ನಾನು ಹೊಲದಲ್ಲಿ ನಿಂತು ನೋಡಿದ್ದೆ. ನನಗೆ ಕಣ್ಣಿ ಬೀಳಲು ಇನ್ನೂ ಎರಡು ತಿಂಗಳು ಬಾಕಿ ಇತ್ತು.

ಹೆಂಡದ ಕೆಲಸ ನನಗೆ ಕಲಿಸಿದವಳು ಒಬ್ಬ ಬಿಳಿಯ ದೊರೆಸಾನಿ. ನಮ್ಮ ಹಟ್ಟಿಯ ಮೇಲಿನ ದಿಬ್ಬದಲ್ಲಿ ಅವಳ ಬಂಗಲೆ. ಗಂಡ ಸತ್ತಿದ್ದ, ಒಬ್ಬಳೇ ಇದ್ದಳು. ನಾನು ಬೆಳಗ್ಗೆ ಹೋಗಿ ತೋಟದ ಕೆಲಸ ಮಾಡಿ ಮಧ್ಯಾಹ್ನಕ್ಕೆ ಬರುತ್ತಿದ್ದೆ. ತೋಟದಲ್ಲಿ ಆರು ಸೇಬಿನ ಮರ, ಮೂರು ಬೇರಿಕಾಯಿ ಮರ. ಬೇರಿಕಾಯಿ ಅಂದರೆ ಪೇರ್ ಹಣ್ಣು. ನಮ್ಮ ಬೆಟ್ಟದ್ದು ಕಲ್ಲಿನ ಹಾಗೆ, ಹಲ್ಲು ಗಟ್ಟಿ ಇದ್ದವರು ತಿನ್ನಬೇಕು. ಮಳೆಗಾಲದಲ್ಲಿ ಗಾಳಿ ಎದ್ದರೆ ಎಲ್ಲ ದಬದಬ ಉದುರುತ್ತಿದ್ದವು. ಅವಳು ಒಂದನ್ನೂ ಕೊಳೆಯಲು ಬಿಡುತ್ತಿರಲಿಲ್ಲ.

ಎರಡು ಬುಟ್ಟಿ ಸೇಬಿಗೆ ಒಂದು ಬುಟ್ಟಿ ಬೇರಿಕಾಯಿ. ಪೆಟ್ಟು ಬಿದ್ದದ್ದು ಆಗುತ್ತದೆ, ಕೊಳೆತದ್ದು ಆಗುವುದಿಲ್ಲ. ಮರದ ದೋಣಿಯಲ್ಲಿ ಹಾಕಿ ಒನಕೆಯಿಂದ ಜಜ್ಜಬೇಕು. ಜಜ್ಜಿದ್ದನ್ನು ಒಂದು ದಿನ ಹಾಗೇ ಬಿಟ್ಟರೆ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಬಟ್ಟೆಯಲ್ಲಿ ಕಟ್ಟಿ, ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು. ರಸ ಇಳಿದದ್ದನ್ನು ಕಂದು ಜಾಡಿಗೆ ತುಂಬಿ ಬಾಯಿಗೆ ತೆಳು ಬಟ್ಟೆ ಕಟ್ಟುವುದು. ಬೇರೆ ಏನೂ ಹಾಕುವುದಿಲ್ಲ. ನಾಲ್ಕೈದು ದಿನಕ್ಕೆ ತಾನೇ ನೊರೆ ಏಳುತ್ತದೆ, ಚಿಟಿಚಿಟಿ ಅನ್ನುತ್ತದೆ. ನೊರೆ ಪೂರಾ ಇಳಿದ ಮೇಲೆಯೇ ಬಿರಡೆ. ಅದಕ್ಕಿಂತ ಮೊದಲು ನಾನು ಜಾಡಿಯ ಬಾಯಿಗೆ ಕೈ ಅಡ್ಡ ಇಟ್ಟರೂ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಕೂಗುತ್ತಿದ್ದಳು: “ಮುಚ್ಚಬೇಡ! ಅದು ಉಸಿರು ಬಿಡಬೇಕು!”

ಅವಳು ಅದಕ್ಕೆ ಸೈಡರ್ ಅನ್ನುತ್ತಿದ್ದಳು. ಒಂದು ಸಲ ಅರ್ಧ ಲೋಟ ಕುಡಿದು ನೋಡಿದ್ದೆ, ಕಿವಿ ಬಿಸಿಯಾಯಿತು. ಹೆಸರು ಏನಾದರೂ ಇರಲಿ, ಹೆಂಡ ಹೆಂಡವೇ.

ಉಸಿರಿನ ಮಾತು ಸುಮ್ಮನೆ ಹೇಳಿದ್ದಲ್ಲ. ಹಿಂದಿನ ವರ್ಷ ಅವಳೇ ಅವಸರಪಟ್ಟು ಒಂದು ಜಾಡಿಗೆ ಬೇಗ ಬಿರಡೆ ಹೊಡೆದಿದ್ದಳು. ಆರನೇ ದಿನ ನಾನು ಅಂಗಳದಲ್ಲಿ ಪಾತ್ರೆ ಉಜ್ಜುತ್ತಿದ್ದಾಗ ಬೇಟೆಯ ಬಂದೂಕು ಹೊಡೆದ ಹಾಗೆ ಸದ್ದಾಯಿತು. ಹೋಗಿ ನೋಡಿದರೆ ಉಗ್ರಾಣದ ಸೂರಿನಿಂದ ರಸ ತೊಟ್ಟಿಕ್ಕುತ್ತಿತ್ತು. ಜಾಡಿಯ ಒಂದು ಚೂರು ಬಾಗಿಲ ಹಲಗೆಗೆ ನೆಟ್ಟಿತ್ತು, ನನ್ನ ಕತ್ತಿನ ಎತ್ತರಕ್ಕೆ. ಕೈಯಿಂದ ಎಳೆದರೆ ಬರಲಿಲ್ಲ. ಇಕ್ಕಳ ಹಾಕಿ ಕಿತ್ತೆವು.

ಆ ವರ್ಷ ಹಣ್ಣು ಉದುರುವ ಹೊತ್ತಿಗೆ ದೊರೆಸಾನಿಗೆ ಕೆಮ್ಮು ಜಾಸ್ತಿಯಾಗಿ ವೆಲ್ಲಿಂಗ್ಟನ್ನಿನ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಬಂಗಲೆಗೆ ಬೀಗ ಬಿತ್ತು. ಹೋಗುವಾಗ ಡೋಲಿಯಿಂದ ತಲೆ ಹೊರಗೆ ಹಾಕಿ ನನಗೆ ಹೇಳಿದಳು: “ಈ ವರ್ಷ ನೀನೇ ಮಾಡು. ತಣ್ಣಗಿರುವ ಕಡೆ ಇಡು.” ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಒಂದು ಕೆಲಸವನ್ನು ಮೊದಲಿಂದ ಕೊನೆಯವರೆಗೆ ನಾನೊಬ್ಬಳೇ ಮಾಡಿ ನೋಡಬೇಕು ಅಂತ ನನಗೂ ಹಟ ಇತ್ತು.

ಜಜ್ಜುವುದು, ಹಿಂಡುವುದು ಎಲ್ಲ ತೋಟದಲ್ಲೇ ಮುಗಿಸಿದೆ. ಉಗ್ರಾಣಕ್ಕೂ ಬೀಗ, ನೊರೆಯನ್ನು ಹಗಲೂ ರಾತ್ರಿ ನೋಡಿಕೊಳ್ಳಬೇಕು, ಅದಕ್ಕೆ ಒಂದು ದೊಡ್ಡ ಜಾಡಿ ತುಂಬಿಸಿ ಮನೆಗೆ ಹೊತ್ತು ತಂದೆ. ಅತ್ತೆ ಬಾಗಿಲಲ್ಲೇ ತಡೆದಳು.

“ಏನದು ಹೆಣ್ಣೇ, ಬಸುರಿ ಹೊತ್ತುಕೊಂಡು ಬರುವ ಭಾರವಾ ಅದು?”

“ಹಣ್ಣಿನ ರಸ ಅತ್ತೆ. ದೊರೆಸಾನಿಯ ಔಷಧ. ತಣ್ಣಗಿರಬೇಕಂತೆ.”

ಅರ್ಧ ನಿಜ ಹೇಳಿದೆ. ನಮ್ಮದು ಮಾಂಸ, ಹೆಂಡ ಎರಡನ್ನೂ ಮುಟ್ಟದ ಮನೆ. ಹೆಂಡ ಅಂದಿದ್ದರೆ ಜಾಡಿ ಅಂಗಳ ದಾಟುತ್ತಿರಲಿಲ್ಲ. ಹೊರಕೋಣೆಯ ಮೂಲೆಯಲ್ಲಿ ಬೀಸುಕಲ್ಲಿನ ಹಿಂದೆ ಇಟ್ಟು ಬಟ್ಟೆ ಕಟ್ಟಿದೆ. ನೊರೆ ಇಳಿದ ಮೇಲೆ ಬಿರಡೆ ಹಾಕಿ ಬಂಗಲೆಯ ಹಿಂದಿನ ಮರದ ಗುಡಿಸಲಿಗೆ ಸಾಗಿಸಿದರಾಯಿತು ಅಂದುಕೊಂಡಿದ್ದೆ. ಐದನೇ ದಿನ ಕಿವಿಯಿಟ್ಟರೆ ಚಿಟಿಚಿಟಿ ಕೇಳಿಸಿತು. ನನಗೆ ಖುಷಿಯಾಯಿತು. ಆ ಖುಷಿಯಲ್ಲೇ ಆಲೂಗಡ್ಡೆ ಅಗೆಯಲು ಹೊಲಕ್ಕೆ ಹೋದೆ.

ಅವತ್ತು ಶುಕ್ರವಾರ. ಸಂಜೆ ಬಂದು ನೋಡಿದರೆ ಮೂಲೆಯಲ್ಲಿ ಜಾಡಿ ಇಲ್ಲ. ಮಾವ ಜಗಲಿಯಲ್ಲಿ ಕೂತು ಚಾಕು ಒರೆಸುತ್ತಿದ್ದ.

“ನಿನ್ನ ರಸಕ್ಕೆ ನೊಣ ಮುತ್ತಿತ್ತು ಹೆಣ್ಣೇ. ಔಷಧ ಅಲ್ಲವಾ, ಹಾಗೆ ಬಿಡಬಾರದು. ತಣ್ಣಗಿರಬೇಕು ಅಂತ ನೀನೇ ಹೇಳಿದೆಯಲ್ಲ? ಹಾಲುಕೋಣೆಯಲ್ಲಿಟ್ಟಿದ್ದೇನೆ.”

“ಬಾಯಿಗೆ ಬಟ್ಟೆ ಇದೆಯಲ್ಲ ಮಾವ?” ಅಂತ ಹೇಗೋ ಕೇಳಿದೆ.

“ಬಟ್ಟೆ ಸಾಕಾ? ಮರದ ಬಿರಡೆ ಕೆತ್ತಿ ಹೊಡೆದಿದ್ದೇನೆ. ಮೇಲೆ ಮೇಣ. ಜೇನಿನ ಜಾಡಿಗೆ ಮಾಡುವ ಹಾಗೆ. ಒಂದು ವರ್ಷ ಇಟ್ಟರೂ ಏನೂ ಆಗದು.”

ಅವನ ಮುಖದಲ್ಲಿ ಎಷ್ಟು ಸಂತೋಷ! ಹೊರಗಿನವರ ಒಂದು ಹುಲ್ಲುಕಡ್ಡಿಯನ್ನೂ ಆ ಕೋಣೆಯೊಳಗೆ ಬಿಡದ ಮನುಷ್ಯ, ಸೊಸೆ ಹೊತ್ತು ತಂದಳು ಅಂತ ಜಾಡಿಯನ್ನು ಹಾಲಿನ ಮಡಕೆಗಳ ಸಾಲಿನಲ್ಲಿ ಕೂರಿಸಿದ್ದ. ಜೇನು ಮುಚ್ಚಿಟ್ಟರೆ ಇರುತ್ತದೆ, ತುಪ್ಪ ಮುಚ್ಚಿಟ್ಟರೆ ಇರುತ್ತದೆ. ನಮ್ಮ ಮನೆಗಳಲ್ಲಿ ಒಳ್ಳೆಯ ವಸ್ತುವನ್ನು ಕಾಪಾಡುವ ದಾರಿ ಅದೊಂದೇ. ಅವನ ತಪ್ಪು ಏನು? ನಾನು ಹೇಳಿದ್ದನ್ನು ನಂಬಿದ, ಅಷ್ಟೇ.

ಆಗಲೇ ಹೇಳಿಬಿಡಬೇಕಿತ್ತು. ಕಣ್ಣಿ ನೆನಪಾಯಿತು. ಗುಡ್ಡ ಹತ್ತಿ ಹೋದವಳು ನೆನಪಾದಳು. ಸುಮ್ಮನೆ ಒಳಗೆ ಹೋಗಿ ಆಲೂಗಡ್ಡೆ ತೊಳೆದೆ.

ಶನಿವಾರ ಬೆಳಗ್ಗೆ ಒಲೆ ಹಚ್ಚುವಾಗ ನನಗೆ ಇನ್ನೊಂದು ಹೊಳೆಯಿತು. ಹಾಲುಕೋಣೆಗೂ ಒಲೆಗೂ ಒಂದೇ ಗೋಡೆ. ಜಾಡಿ ಆ ಗೋಡೆಗೆ ಒರಗಿದ್ದರೆ? ಬಿಸಿ ತಾಗಿದರೆ ನೊರೆ ದುಪ್ಪಟ್ಟು ಏಳುತ್ತದೆ ಅಂತ ದೊರೆಸಾನಿ ಹೇಳಿದ್ದಳು. ಗೋಡೆಗೆ ಅಂಗೈ ಇಟ್ಟು ನೋಡಿದೆ. ಬೆಚ್ಚಗಿತ್ತು. ಉರಿಯುವ ಕೊಳ್ಳಿಯನ್ನು ಹಿಂದಕ್ಕೆಳೆದು ನೀರು ಚಿಮುಕಿಸಿದೆ.

ಆ ದಿನ ಎಲ್ಲರಿಗೂ ತಣ್ಣನೆಯ ರಾಗಿ ಹಿಟ್ಟು. ಭಾನುವಾರವೂ ಅದೇ.

“ಒಲೆ ಹಚ್ಚುವುದಕ್ಕೂ ಸೋಮಾರಿತನವಾ?” ಅತ್ತೆ ಶುರುಮಾಡಿದಳು. “ನಾನು ನಿನ್ನ ಗಂಡನನ್ನು ಹೊತ್ತಾಗ ಒಂಬತ್ತನೇ ತಿಂಗಳಲ್ಲೂ ಒಂದು ಹಂಡೆ ನೀರು ಕಾಯಿಸುತ್ತಿದ್ದೆ.”

“ಹೊಗೆ ಆಗುವುದಿಲ್ಲ ಅತ್ತೆ. ವಾಕರಿಕೆ ಬರುತ್ತದೆ.”

“ಹೊಗೆ ಆಗುವುದಿಲ್ಲವಂತೆ! ಬಂಗಲೆಯಲ್ಲಿ ಹುಟ್ಟಿದವಳು. ಹಲ್ಲಿಲ್ಲದ ಬಾಯಿಗೆ ತಣ್ಣನೆ ಹಿಟ್ಟು ಹಾಕಿ ನಮ್ಮನ್ನು ಬೇಗ ಕಳಿಸುವ ಯೋಚನೆ ಇವಳಿಗೆ.”

ಮಾವ ಜಗಲಿಯಿಂದಲೇ ಅಂದ, “ಬಿಡೇ, ಅವಳು ಬಸುರಿ. ನಿನಗೆ ಹಲ್ಲಿಲ್ಲದೆಯೂ ಬೈಯಲು ಏನೂ ಕಡಿಮೆಯಾಗಿಲ್ಲ.”

ನಾನು ನಗಲಿಲ್ಲ. ನನ್ನ ಕಿವಿ ಪೂರಾ ಗೋಡೆಯ ಆಚೆಗಿತ್ತು. ನೊರೆ ಕೇಳಿಸಿದರೆ ಭಯ, ಕೇಳಿಸದಿದ್ದರೆ ಇನ್ನೂ ಭಯ. ಬಿರಡೆ ಹೊಡೆದ ಮೇಲೆ ಸದ್ದೇ ಇರಲಿಲ್ಲ. ಒಳಗೆ ಏನೋ ಉಸಿರು ಹಿಡಿದುಕೊಂಡು ಕೂತಿದೆ ಅನಿಸುತ್ತಿತ್ತು. ಅತ್ತೆ ಅಂಗಳದಲ್ಲಿ ಸೌದೆ ಎತ್ತಿಹಾಕಿದರೆ ಬೆಚ್ಚಿಬೀಳುತ್ತಿದ್ದೆ.

ಮಾವನಿಗೆ ಆಗಲೇ ಕಣ್ಣು ಮಂಜು. ಹಾಲು ಎಷ್ಟು ತುಂಬಿತು ಅಂತ ನೋಡಲು ಮೂಗು ಮಡಕೆಗೆ ತಾಗುವಷ್ಟು ಬಗ್ಗುತ್ತಿದ್ದ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಗಿಡ್ಡ ಬಾಗಿಲಲ್ಲಿ ಅವನ ಬೆನ್ನು ಮರೆಯಾದರೆ ನಾನು ಎಣಿಸಲು ಶುರುಮಾಡುತ್ತಿದ್ದೆ. ಪಾದ್ರಿ ಶಾಲೆಯಲ್ಲಿ ಕಲಿತದ್ದು ಅದಕ್ಕಾದರೂ ಬಂತು. ಒಂದು, ಎರಡು, ಮೂರು. ಅರವತ್ತಕ್ಕೋ ಎಪ್ಪತ್ತಕ್ಕೋ ಹೊರಗೆ ಬರುತ್ತಿದ್ದ. ಅಷ್ಟು ಹೊತ್ತೂ ಅವನ ಮುಖ ಆ ಜಾಡಿಯಿಂದ ಒಂದು ಗೇಣು ದೂರದಲ್ಲಿರುತ್ತಿತ್ತು. ಬಾಗಿಲಿಗೆ ನೆಟ್ಟ ಚೂರು ನನ್ನ ಕಣ್ಣ ಮುಂದೆ.

ಸುಳ್ಳು ಹೇಳುವುದಿಲ್ಲ, ಮೊದಲ ಎರಡು ದಿನ ನಾನು ಹೆದರಿದ್ದು ನನಗಾಗಿ. ಒಡೆದರೆ ಹೆಂಡದ ವಾಸನೆ ಹಟ್ಟಿಗೆಲ್ಲ ಹೋಗುತ್ತದೆ, ನನ್ನನ್ನು ಕಳಿಸುತ್ತಾರೆ, ಅಷ್ಟೇ ಯೋಚನೆ. ಅವನಿಲ್ಲದ ಹೊತ್ತಿನಲ್ಲಿ ಒಡೆಯಲಿ ಅಂತಲೂ ಬೇಡಿಕೊಂಡೆ. ಮೂರನೇ ದಿನಕ್ಕೆ ನನ್ನ ಹೆದರಿಕೆ ಅವನ ಮುಖಕ್ಕೆ ಹೋಯಿತು. ಯಾಕೆ ಅಂದರೆ ಹೇಳಲು ಬರುವುದಿಲ್ಲ. ಒಳ್ಳೆಯತನ ಅಂತ ಯಾರೂ ಅನ್ನಬೇಡಿ.

ನಾನೇ ಒಳಗೆ ನುಗ್ಗಿ ತಂದುಬಿಡಲೇ ಅಂತ ಭಾನುವಾರ ಮಧ್ಯಾಹ್ನ ಬಾಗಿಲ ತನಕ ಹೋದೆ. ಮನೆಯಲ್ಲಿ ಯಾರೂ ಇರಲಿಲ್ಲ. ಹೊಸಿಲ ಮೇಲೆ ಕೈಯಿಟ್ಟೆ. ಒಳಗೆ ಕತ್ತಲು, ಬೆಣ್ಣೆಯ ವಾಸನೆ. ಜಾಡಿ ಕಾಣಿಸಿತು. ಎರಡೇ ಹೆಜ್ಜೆ. ಹೆಂಡ ಇಟ್ಟದ್ದು ಒಂದು ತಪ್ಪು, ಬಸುರಿ ಹೆಂಗಸು ಒಳಗೆ ಕಾಲಿಟ್ಟದ್ದು ಇನ್ನೊಂದು. ಎರಡನ್ನೂ ಹೊರಲು ನನ್ನ ಕೈಲಿ ಆಗಲಿಲ್ಲ. ತಿರುಗಿ ಬಂದೆ.

ಸೋಮವಾರ ಬೆಳಗ್ಗೆ ಬೇರೆ ದಾರಿ ಹಿಡಿದೆ. “ಮಾವ, ದೊರೆಸಾನಿ ಔಷಧ ಕೇಳಿ ಕಳಿಸಿದ್ದಾಳೆ. ಜಾಡಿ ಹೊರಗೆ ಕೊಡು, ನಾನೇ ಸಾಗಿಸುತ್ತೇನೆ.”

“ಸೋಮವಾರ ಹಾಲುಕೋಣೆಯಿಂದ ಏನು ಹೊರಗೆ ಹೋಗುತ್ತದೆ ಹೆಣ್ಣೇ? ಇಷ್ಟು ದಿನ ಈ ಮನೆಯಲ್ಲಿದ್ದು ಅದೂ ಗೊತ್ತಿಲ್ಲವಾ? ನಾಳೆ ಕೊಡುತ್ತೇನೆ.”

ಗೊತ್ತಿತ್ತು. ಸೋಮವಾರ ನಮ್ಮಲ್ಲಿ ಉಳುವುದಿಲ್ಲ, ಬಿತ್ತುವುದಿಲ್ಲ, ಮನೆಯ ವಸ್ತು ಕೈ ದಾಟಿಸುವುದಿಲ್ಲ. ಹೆದರಿಕೆಯಲ್ಲಿ ವಾರವನ್ನೇ ಮರೆತಿದ್ದೆ. ಆ ಸಂಜೆ ಅವನು ಒಳಗೆ ಹೋದಾಗ ನೂರರ ತನಕ ಎಣಿಸಿದೆ. ಹೊರಗೆ ಬಂದವನು ಅಂದ, “ನಿನ್ನ ಜಾಡಿಯ ಮೇಣ ಬಿರುಕು ಬಿಟ್ಟಿದೆ. ಬಿರಡೆ ಸ್ವಲ್ಪ ಮೇಲೆ ಬಂದ ಹಾಗಿತ್ತು. ಸುತ್ತಿಗೆಯಿಂದ ಎರಡು ಕೊಟ್ಟೆ.”

ಆ ರಾತ್ರಿ ಒಲೆಯ ಬೂದಿಗೂ ನೀರು ಹೊಯ್ದೆ.

ಮಂಗಳವಾರ ಬೆಳಕು ಹರಿಯುವಾಗ ಅವನು ಕರೆದ ಹಾಲು ಹಿಡಿದು ಒಳಗೋಣೆಗೆ ಬಂದ. ಅತ್ತೆ ಒಲೆಯ ಮುಂದೆ ಕೂತಿದ್ದಳು, ನನ್ನ ಮೇಲಿನ ಸಿಟ್ಟಿಗೆ ತಾನೇ ದೊಡ್ಡ ಉರಿ ಹಾಕಿಕೊಂಡು. ನಾನು ಹೋಗಿ ಗಿಡ್ಡ ಬಾಗಿಲಿಗೆ ಅಡ್ಡ ನಿಂತೆ.

“ಒಳಗೆ ಹೋಗಬೇಡ ಮಾವ. ಅದು ಔಷಧ ಅಲ್ಲ. ಹೆಂಡ. ಬಾಯಿ ಮುಚ್ಚಿದರೆ ಒಡೆಯುತ್ತದೆ. ಬಂಗಲೆಯಲ್ಲಿ ಒಡೆದದ್ದನ್ನು ನಾನೇ ನೋಡಿದ್ದೇನೆ. ನಿನ್ನ ಕಣ್ಣು ಹೋಗುತ್ತದೆ.”

ಅತ್ತೆ ಎದೆಗೆ ಕೈಯಿಟ್ಟುಕೊಂಡಳು. ಮಾವ ಹಾಲನ್ನು ಮೆಲ್ಲಗೆ ಕೆಳಗಿಟ್ಟ.

“ನಿನಗೆ ಯಾವತ್ತಿಂದ ಗೊತ್ತು?”

“ಮೊದಲಿಂದ.”

“ನಾಲ್ಕು ದಿನ ನಾನು ಹೋಗಿ ಬರುವುದನ್ನು ನೋಡುತ್ತಾ ಇದ್ದೆ?”

“ಹೌದು.”

ಮಾವ ಹೆಗಲ ಕಂಬಳಿ ತೆಗೆದು ತಲೆ ಮುಖ ಸುತ್ತಿಕೊಂಡು ನನ್ನನ್ನು ಪಕ್ಕಕ್ಕೆ ಸರಿಸಿದ. “ಏನು ಮಾಡಬೇಕು ಹೇಳು” ಅಂದ.

ಹೊಸಿಲಿನ ಈಚೆ ಮೊಣಕಾಲೂರಿ ಕೂತು ಹೇಳಿದೆ. ಅಲುಗಿಸಬೇಡ. ಮೇಲೆ ಬಗ್ಗಬೇಡ. ಒದ್ದೆ ಗೋಣಿ ಸುತ್ತು. ಬಿರಡೆಯನ್ನು ಒಂದೇ ಸಲ ಎಳೆಯಬೇಡ, ಪಕ್ಕದಿಂದ ಮೇಣ ಕೆರೆದು ದಬ್ಬಳದಿಂದ ಸಂದು ಮಾಡು, ಬೆರಳು ಮೇಲಿಡಬೇಡ. ಗೋಣಿಯನ್ನೂ ದಬ್ಬಳವನ್ನೂ ಅತ್ತೆ ತಂದು ಕೊಟ್ಟಳು. ಅವಳ ಬಾಯಿಂದ ಒಂದು ಮಾತೂ ಬರದೇ ಇದ್ದದ್ದನ್ನು ನಾನು ನೋಡಿದ್ದು ಆ ಒಂದು ಸಲ.

ಒಳಗೆ ಕೆರೆಯುವ ಸದ್ದು. ಆಮೇಲೆ ಹಾವು ಬುಸುಗುಟ್ಟಿದ ಹಾಗೆ ಒಂದು ಸದ್ದು, ನಿಲ್ಲಲೇ ಇಲ್ಲ, ದೊಡ್ಡದಾಗುತ್ತಾ ಹೋಯಿತು. ಬಿರಡೆ ಸೂರಿಗೆ ಬಡಿಯಿತು. ಜಾಡಿ ಒಡೆಯಲಿಲ್ಲ. ನೊರೆ ಎದ್ದು ಸೂರು, ಗೋಡೆ, ಹಾಲಿನ ಮಡಕೆ, ಬೆಣ್ಣೆ, ಕಡೆಗೋಲು, ಮಾವನ ಕಂಬಳಿ, ಎಲ್ಲದರ ಮೇಲೂ ಬಿತ್ತು. ಹಾಲುಕೋಣೆ ಪೂರಾ ಹೆಂಡದ ವಾಸನೆ.

ಮಾವ ಹೊರಗೆ ಬಂದ. ಮುಖಕ್ಕೆ ಏನೂ ಆಗಿರಲಿಲ್ಲ. ಗಡ್ಡದಿಂದ ನೊರೆ ಇಳಿಯುತ್ತಿತ್ತು. ಅರ್ಧ ಖಾಲಿಯಾದ ಜಾಡಿಯನ್ನು ಹಿತ್ತಲಿನ ತುರುಚಿ ಗಿಡಗಳ ನಡುವೆ ಇಟ್ಟು ಬಂದ. ಆಮೇಲೆ ಮಡಕೆಗಳನ್ನು ಒಂದೊಂದಾಗಿ ಹೊತ್ತು ತಂದು ಹಳ್ಳದ ಬಂಡೆಗೆ ಬಡಿದು ಒಡೆದ. ಒಂಬತ್ತು ಮಡಕೆ. ಅವನಪ್ಪನ ಕಾಲದ್ದೂ ಒಂದಿತ್ತು. ಪ್ರತಿಯೊಂದು ಒಡೆದಾಗಲೂ ನನಗೆ ಕೇಳಿಸಬೇಕು ಅಂತಲೇ ಒಡೆದನೋ ಏನೋ, ನನಗಂತೂ ಕೇಳಿಸಿತು. ಸಂಜೆಯ ತನಕ ಕೋಣೆ ಕೆರೆದು, ಸಗಣಿ ಸಾರಿಸಿ, ಉಪವಾಸ ಮಲಗಿದ. ಆ ಸಂಜೆ ಹಾಲು ಕರೆಯದೆ ಕರುಗಳಿಗೇ ಬಿಟ್ಟ.

ಬುಧವಾರ ಎದ್ದವನು ಕೋಲು ಹಿಡಿದು ಯಾರಿಗೂ ಹೇಳದೆ ಹೊರಟ. ಅತ್ತೆ ಅಂಗಳದಿಂದ ನೋಡಿ ಬಂದು ಹೇಳಿದಳು:

“ನಿಮ್ಮಪ್ಪನ ಹಟ್ಟಿಯ ದಾರಿ ಹಿಡಿದಿದ್ದಾನೆ.”

ನಾನು ಎರಡು ಬಟ್ಟೆ ಮಡಚಿ ಗಂಟು ಕಟ್ಟಿ ಬಾಗಿಲ ಪಕ್ಕ ಇಟ್ಟೆ. ಹಗಲೆಲ್ಲ ದಾರಿ ನೋಡುವುದೇ ಆಯಿತು. ಅಪ್ಪ ಜೊತೆಗೆ ಬರುತ್ತಾನಾ, ಮಾವ ಒಬ್ಬನೇ ಬರುತ್ತಾನಾ? ಅಪ್ಪ ಜೊತೆಗಿದ್ದರೆ ನಾನು ಹೊರಡುವುದು. ಅಷ್ಟು ಸರಳ. ಮಗು ಹೊಟ್ಟೆಯಲ್ಲಿ ಒದೆಯುತ್ತಿತ್ತು. ಒಲೆ ಹಚ್ಚಲು ಇನ್ನು ಹೆದರಬೇಕಾಗಿರಲಿಲ್ಲ, ಆದರೂ ಕೈ ಏಳಲಿಲ್ಲ.

ಮಧ್ಯಾಹ್ನ ಅತ್ತೆ ಹಿತ್ತಲಿಂದ ಬೆರಳು ಚೀಪುತ್ತಾ ಬಂದಳು. ತುರುಚಿ ತಾಗಿ ಮೊಣಕೈ ಕೆಂಪಾಗಿತ್ತು.

“ಇದಕ್ಕಾ ಇಷ್ಟು ರಂಪ?” ಅಂದಳು. “ಎರಡು ದಿನದ ಮಜ್ಜಿಗೆ ಇದಕ್ಕಿಂತ ಹುಳಿ ಇರುತ್ತದೆ.”

ನನಗೆ ನಗು ಬಂತು, ಹಿಂದೆಯೇ ಅಳು ಬಂತು. ಅವಳು ನನ್ನ ಗಂಟನ್ನು ಕಾಲಿನಿಂದ ಸರಿಸಿ, “ನಡೆಯುವ ದಾರಿಯಲ್ಲಿ ಯಾಕೆ ಇಟ್ಟೆ ಇದನ್ನು?” ಅಂತ ಬೈದಳು.

ಬಿಸಿಲು ಇಳಿಯುವ ಹೊತ್ತಿಗೆ ಗುಡ್ಡದ ಅಂಚಿನಲ್ಲಿ ಒಬ್ಬ ಕಾಣಿಸಿದ. ಒಬ್ಬನೇ. ತಲೆಯ ಮೇಲೆ ಒಂದು ಹೊರೆ, ಕಾವಡಿಯಲ್ಲಿ ಎರಡು. ಕೋತರ ಊರಿನ ಹೊಸ ಮಡಕೆಗಳು. ನಮ್ಮ ಬೆಟ್ಟಕ್ಕೆಲ್ಲ ಮಡಕೆ ಮಾಡುವವರು ಅವರೇ, ಅವರ ಊರು ನನ್ನಪ್ಪನ ಹಟ್ಟಿಯ ಆಚೆ.

ಮಾವ ಹೊರೆ ಇಳಿಸಿ ಬೆವರು ಒರೆಸಿಕೊಂಡ. ಬಾಗಿಲ ಪಕ್ಕದ ಗಂಟು ನೋಡಿದ.

“ನಿಮ್ಮಪ್ಪನ ಮನೆಯಲ್ಲಿ ನೀರು ಕುಡಿದೆ.”

“ಏನು ಹೇಳಿದೆ ಮಾವ?”

“ಕಣ್ಣಿ ಹಾಕುವುದಕ್ಕೆ ದಿನ ನೋಡಿದೆವು. ಏಳನೇ ತಿಂಗಳು, ಸೋಮವಾರ ಬಿಟ್ಟು. ಅಷ್ಟರೊಳಗೆ ಈ ಮಡಕೆಗಳು ಪಳಗಬೇಕು, ಬರುವವರಿಗೆಲ್ಲ ಮೊಸರು ಬೇಡವಾ?” ಕಾವಡಿಯ ಹಗ್ಗ ಬಿಚ್ಚುತ್ತಾ ಅಂದ, “ಮಡಕೆ ಯಾಕೆ ಒಡೆದವು ಅಂತ ನಿಮ್ಮಪ್ಪ ಕೇಳಿದ. ನಾನೇ ಏನೋ ಇಡಬಾರದ್ದು ಇಟ್ಟೆ ಅಂದೆ.”

ಕಣ್ಣಿ ಹಾಕಿದ ದಿನ ಆ ಮಡಕೆಗಳ ಮೊಸರಿಗೆ ಮಣ್ಣಿನ ವಾಸನೆ ಇನ್ನೂ ಹೋಗಿರಲಿಲ್ಲ. ಯಾರೂ ಏನೂ ಅನ್ನಲಿಲ್ಲ. ದೊರೆಸಾನಿ ಬಂಗಲೆಗೆ ಮರಳಿದ ಮೇಲೆ ನಾನು ಗುಡಿಸಲಿಗೆ ಸಾಗಿಸಿಟ್ಟಿದ್ದ ಜಾಡಿಯಲ್ಲಿ ಉಳಿದದ್ದನ್ನು ಕುಡಿದು, ತನ್ನದಕ್ಕಿಂತ ಚೆನ್ನಾಗಿದೆ ಅಂದಳು. ಅರ್ಧ ಎಲ್ಲಿ ಹೋಯಿತು ಅಂತ ಕೇಳಿದಳು. ಮೊದಲಿಂದ ಕೊನೆಯ ತನಕ ಹೇಳಿದೆ. ಆಮೇಲೆ ವರ್ಷವರ್ಷವೂ ಮಾಡಿದೆ, ಅಲ್ಲೇ, ಬಂಗಲೆಯಲ್ಲೇ. ಮನೆಗೆ ಒಂದು ತೊಟ್ಟೂ ತರಲಿಲ್ಲ.

ಮಾವ ಆ ಮಾತನ್ನು ಮತ್ತೆ ಎತ್ತಲಿಲ್ಲ. ಆದರೆ ಅವನು ಸಾಯುವ ತನಕ, ದಿನಾ ಬೆಳಗ್ಗೆ ಸಂಜೆ, ಹಾಲು ಹಿಡಿದು ಗಿಡ್ಡ ಬಾಗಿಲಿಗೆ ಬಂದಾಗ ಒಂದು ಸಲ ನಿಂತು ನನ್ನ ಕಡೆ ತಿರುಗುತ್ತಿದ್ದ. ಕಣ್ಣು ಪೂರಾ ಹೋದ ಮೇಲೂ ತಿರುಗುತ್ತಿದ್ದ. “ಏನಿಲ್ಲ ಮಾವ, ಹೋಗು” ಅಂತ ನಾನು ಹೇಳಬೇಕಿತ್ತು. ಹೇಳಿದ ಮೇಲೆಯೇ ಬಗ್ಗಿ ಒಳಗೆ ಹೋಗುತ್ತಿದ್ದ.